ಕಂಬ ಕಂಬಕ್ಕೂ ಕಣ್ಣು ಬಂತು!

ಕರೆಂಟು ಹೋದಾಗ ದೂರು ಕೊಡಲು ಫೋನು ಮಾಡಿದವರಿಗೆಲ್ಲ ಈ ಪ್ರಶ್ನೆ ಬಾಯಿಪಾಠ. "ನಿಮ್ಮ ಮನೆಗೊಂದಕ್ಕೇ ಇಲ್ವಾ, ಬೀದಿಗೇ ಇಲ್ವಾ? ಸ್ವಲ್ಪ ಆಚೆ ಬಂದು ನೋಡಿ ಸಾರ್." ನಾವು ಕತ್ತಲಲ್ಲಿ ತಡವರಿಸುತ್ತಾ ಬಾಗಿಲಿಗೆ ಬರುತ್ತೇವೆ. ಎದುರು ಮನೆಯ ಕಿಟಕಿ ನೋಡುತ್ತೇವೆ. ಪಕ್ಕದ ಮನೆಯವರನ್ನು ಕೂಗಿ, "ನಿಮ್ಮನೇಲಿ ಇದ್ಯಾ?" ಅಂತ ವಿಚಾರಿಸಿ, ಫೋನಿಗೆ ವರದಿ ಒಪ್ಪಿಸುತ್ತೇವೆ. ಇಷ್ಟು ವರ್ಷ ಉತ್ತರ ಕೊಡುತ್ತಲೇ ಬಂದೆವು. ಈ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ ಎಂದು ಎಷ್ಟು ಜನ ಯೋಚಿಸಿದ್ದೇವೆ?

ಗೊತ್ತಿಲ್ಲ, ಅದಕ್ಕೇ ಕೇಳುತ್ತಾರೆ! ಫೋನೆತ್ತಿದವರ ಮುಂದೆ ಬೀದಿಬೀದಿಯ ಸ್ಥಿತಿ ತೋರಿಸುವ ಪರದೆ ಇರುವುದಿಲ್ಲ. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರು, ಅಂದರೆ ಟಿಸಿ, ಬದುಕಿದೆಯೋ ಸುಟ್ಟಿದೆಯೋ, ಮೂರು ಫೇಸಿನಲ್ಲಿ ಯಾವುದು ಕಡಿದಿದೆ, ಯಾವ ಕಂಬದಲ್ಲಿ ಜಂಪ್ ಹೋಗಿದೆ, ಒಂದೂ ಅವರಿಗೆ ತಿಳಿಯುವುದಿಲ್ಲ. ಆ ಹೊತ್ತಿಗೆ ಅವರಿಗಿರುವ ಸೆನ್ಸರ್ ನೀವೇ. ಇದು ನಮ್ಮೂರಿನ ಪಾಡು ಮಾತ್ರವೆಂದು ಕೊರಗಬೇಕಾಗಿಲ್ಲ. ಪ್ರಪಂಚದ ಬಹುಪಾಲು ದೇಶಗಳಲ್ಲಿ ಸಬ್‌ಸ್ಟೇಷನ್ನಿನಿಂದ ಮನೆಯ ಮೀಟರಿನವರೆಗಿನ ದಾರಿ ನೂರು ವರ್ಷ ಹೀಗೆಯೇ ಕಣ್ಣು ಮುಚ್ಚಿಕೊಂಡು ನಡೆದಿದೆ.

ಮೇಲ್ಗಡೆ ನೋಡಿದರೆ ಬೇರೆಯದೇ ಲೋಕ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆ.ವಿ. ಲೈನು ಚಾಲೂ ಆಗಿ, ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿಗೆ ಬೆಸೆದುಕೊಂಡಿತು. ಅಂದಿನಿಂದ ಶರಾವತಿಯ ಟರ್ಬೈನೂ ಹಿಮಾಲಯದ ಟರ್ಬೈನೂ ಒಂದೇ ತಾಳಕ್ಕೆ ಕಟ್ಟುಬಿದ್ದಿವೆ. ಸೆಕೆಂಡಿಗೆ 50 ಆವರ್ತದ ಆ ತಾಳ 49.90ರಿಂದ 50.05ರ ಒಳಗೇ ಇರಲಿ ಎಂದು ಲೋಡ್ ಡಿಸ್ಪ್ಯಾಚ್ ಸೆಂಟರುಗಳಲ್ಲಿ ಹಗಲೂ ರಾತ್ರಿ ಕಾವಲು. ದಶಮಾಂಶದ ಎರಡನೇ ಸ್ಥಾನದಲ್ಲಿ ದೇಶವನ್ನೇ ಕಾಯುತ್ತಾರೆ! ಅದೇ ಕರೆಂಟು ಇಳಿದಿಳಿದು 11 ಕೆ.ವಿ. ಫೀಡರಿಗೆ ಬಂದು, ಸಬ್‌ಸ್ಟೇಷನ್ನಿನ ಗೇಟು ದಾಟಿತೋ, ಮುಂದಿನದೆಲ್ಲ ಅಂದಾಜು.

ಆ ಅಂದಾಜಿನ ಕಾಲ ಮುಗಿಯುತ್ತಿದೆ. ಅದನ್ನು ಮುಗಿಸುತ್ತಿರುವ ಸಾಧನಗಳಲ್ಲಿ ಹಲವು ಯಾವುದೋ ಕಂಪನಿಯ ತಿಜೋರಿಯಲ್ಲಿಲ್ಲ. ನೀವೂ ನಾನೂ ಇವತ್ತೇ ಇಳಿಸಿಕೊಂಡು, ಬಿಚ್ಚಿ ನೋಡಿ, ತಪ್ಪು ಕಂಡರೆ ತಿದ್ದಿ ಕಳಿಸಬಹುದಾದ ಮುಕ್ತ ತಂತ್ರಾಂಶಗಳು ಅವು. ಇದನ್ನು ಓದಿ ತಿಳಿದಾಗ ಅಚ್ಚರಿಯಾಯಿತು. ಮುಟ್ಟಿ ನೋಡಿದಾಗ ತಲೆ ಗಿರ್ರೆಂದಿತು.

ದಾರಿಯೇ ತಿರುಗಿಬಿಟ್ಟಿತು

ಇಷ್ಟು ವರ್ಷ ಕಣ್ಣಿಲ್ಲದೆ ಹೇಗೆ ನಡೆಯಿತು? ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತಿತ್ತು, ಅದಕ್ಕೇ ನಡೆಯಿತು. ವೋಲ್ಟೇಜಿನ ಕತೆ ಕಾಲುವೆಯ ನೀರಿನ ಕತೆಯೇ. ತೂಬಿನ ಹತ್ತಿರದವನಿಗೆ ಸಮೃದ್ಧಿ, ಕೊನೇ ಭಾಗದ ರೈತನಿಗೆ ತೊಟ್ಟು. ಹಾಗಾಗಿ ಎಂಜಿನಿಯರುಗಳು ಮೇಲ್ಗಡೆ ವೋಲ್ಟೇಜನ್ನು ಸ್ವಲ್ಪ ಏರಿಸಿಟ್ಟು, ತಂತಿಯನ್ನು ಸಾಕಷ್ಟು ದಪ್ಪ ಹಾಕಿ, ಕೊನೆಯ ಮನೆಗೂ ತಕ್ಕಮಟ್ಟಿಗೆ ತಲುಪುವಂತೆ ಒಮ್ಮೆ ಲೆಕ್ಕ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಮತ್ತೆ ನೋಡುವ ಅಗತ್ಯವಿರಲಿಲ್ಲ.

ಈಗ ಕೊನೆಯ ಮನೆಯ ಮಾಳಿಗೆಯ ಮೇಲೆ ಸೋಲಾರ್ ಫಲಕ ಕುಳಿತಿದೆ. ಮಧ್ಯಾಹ್ನ ಹನ್ನೆರಡಕ್ಕೆ ಮನೆಯಲ್ಲಿ ಯಾರೂ ಇಲ್ಲ, ಫಲಕದ ತುಂಬ ಬಿಸಿಲು. ಹುಟ್ಟಿದ ಕರೆಂಟು ಹೊರಗೆ ಹೋಗಬೇಕಾದರೆ ಇನ್ವರ್ಟರು ತಂತಿಯಲ್ಲಿರುವುದಕ್ಕಿಂತ ಹೆಚ್ಚಿನ ವೋಲ್ಟೇಜಿನಲ್ಲಿ ತಳ್ಳಲೇಬೇಕು. ಬೀದಿಯ ಹತ್ತು ಮನೆ ಹೀಗೆ ತಳ್ಳಿದರೆ ಎಲ್ಲಕ್ಕಿಂತ ಕಡಿಮೆ ಇರಬೇಕಾಗಿದ್ದ ಕೊನೆಯಲ್ಲೇ ಎಲ್ಲಕ್ಕಿಂತ ಹೆಚ್ಚು ವೋಲ್ಟೇಜು!

ಇದರ ಪರಿಣಾಮವನ್ನು ಮೊದಲು ಉಂಡವರಲ್ಲಿ ನೆದರ್ಲೆಂಡ್ಸಿನವರೂ ಇದ್ದಾರೆ. ಅಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮನೆಯ ಮೇಲೆ ಸೋಲಾರ್ ಇದೆ. ಬೀದಿಯ ವೋಲ್ಟೇಜು 253 ದಾಟಿದರೆ ಇನ್ವರ್ಟರು ತನ್ನಷ್ಟಕ್ಕೆ ಬಂದ್ ಆಗಬೇಕು ಎಂಬುದು ನಿಯಮ. ಅಂದರೆ ವರ್ಷದ ಅತ್ಯಂತ ಸೊಗಸಾದ ಬಿಸಿಲಿನ ದಿನವೇ, ನಡುಮಧ್ಯಾಹ್ನವೇ, ಫಲಕ ಕೈಕಟ್ಟಿ ಕೂರುತ್ತದೆ. ಹೊಸ ಕಾರ್ಖಾನೆಗೆ, ಶಾಲೆಗೆ, ಬಡಾವಣೆಗೆ ಕರೆಂಟು ಸಂಪರ್ಕ ಕೇಳಿದವರು ಸಾವಿರಾರು ಸಂಖ್ಯೆಯಲ್ಲಿ ಸರದಿಯಲ್ಲಿ ನಿಂತಿದ್ದಾರೆ. ವಿದ್ಯುತ್ತಿಗೆ ಅಲ್ಲಿ ಬರವಿಲ್ಲ. ಅದು ಹಾದುಹೋಗಲು ತಂತಿಯಲ್ಲಿ ಜಾಗವಿಲ್ಲ. ಯಾವ ತಂತಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜಾಗ ಉಳಿದಿದೆ ಎಂದು ನೋಡಿ ಹೇಳುವ ಕಣ್ಣು ಬೇಕಾಗಿತ್ತು.

ಹದಿಮೂರು ಕಂಬದ ಊರು

ಆ ಕಣ್ಣು ಹೇಗಿರುತ್ತದೆ ಎಂದು ನೋಡುವ ಹುಚ್ಚು ಹಿಡಿದು 'ಓಪನ್‌ಡಿಎಸ್‌ಎಸ್' ಎಂಬ ತಂತ್ರಾಂಶವನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಬಿಡಿಗಾಸು ಖರ್ಚಿಲ್ಲ. 1997ರಲ್ಲಿ ರೋಜರ್ ಡುಗನ್ ಮತ್ತು ಟಾಮ್ ಮ್ಯಾಕ್‌ಡರ್ಮಟ್ ಎಂಬ ಅಮೆರಿಕದ ಎಂಜಿನಿಯರುಗಳು ಬರೆಯಲು ಶುರುಮಾಡಿದ್ದು ಇದು. ಮುಂದೆ ಅಲ್ಲಿನ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ ಇದನ್ನು ಕೊಂಡುಕೊಂಡಿತು. 2008ರಲ್ಲಿ, ಸ್ಮಾರ್ಟ್ ಗ್ರಿಡ್ ಕೆಲಸಕ್ಕೆ ವೇಗ ಸಿಗಲಿ ಎಂದು, ಒಳಗಿನ ಕೋಡಿನ ಸಮೇತ ಲೋಕಕ್ಕೆ ಬಿಟ್ಟುಕೊಟ್ಟಿತು. ಕೊಂಡ ಸಾಮಾನನ್ನು ಬೀದಿಯಲ್ಲಿಟ್ಟು, "ಯಾರು ಬೇಕಾದರೂ ಒಯ್ಯಿರಿ" ಅಂದರೆ ಹೇಗೆ!

ತಂತ್ರಾಂಶದ ಜೊತೆಗೆ ಒಂದು ಪುಟ್ಟ ಊರೂ ಬರುತ್ತದೆ. ಕಾಗದದ ಮೇಲಿನ ಊರು. 'ಐಇಇಇ 13 ನೋಡ್ ಟೆಸ್ಟ್ ಫೀಡರ್' ಎಂದು ಅದರ ಹೆಸರು. 4.16 ಕೆ.ವಿ.ಯ ಒಂದು ಫೀಡರು, ಅದರ ಮೇಲೆ ಹದಿಮೂರು ತಾಣಗಳು, ಅಷ್ಟೇ. ಕಂಬಗಳೆಂದೇ ಅನ್ನೋಣ. ವಿತರಣಾ ಜಾಲದ ಲೆಕ್ಕ ಕಲಿಯುವವರು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಮೊದಲು ಕೈಯಾಡಿಸುವುದು ಇದರ ಮೇಲೆ. ಫೈಲು ತೆರೆದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಸಾಲು ಸಾಲು ಅಕ್ಷರ. ಈ ಕಂಬದಿಂದ ಆ ಕಂಬಕ್ಕೆ ಇಂಥ ತಂತಿ, ಇಷ್ಟು ಅಡಿ. ಇಲ್ಲೊಂದು ಟ್ರಾನ್ಸ್‌ಫಾರ್ಮರು. ಅಲ್ಲಿ ಇಷ್ಟು ಕಿಲೋವಾಟ್ ಲೋಡು. ಕೊನೆಗೆ 'ಸಾಲ್ವ್' ಎಂಬ ಒಂದೇ ಪದ. ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ!

ಉತ್ತರ ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಇರಬೇಕಾದ ವೋಲ್ಟೇಜನ್ನು 1 ಎಂದು ಇಟ್ಟುಕೊಳ್ಳಿ. 675ನೇ ನಂಬರಿನ ಕಂಬದಲ್ಲಿ ಬಿ ಫೇಸ್ 1.055 ಇದೆ. ಅದೇ ಕಂಬದ ಸಿ ಫೇಸ್ 0.976! ನಮ್ಮ ಮನೆಯ 230 ವೋಲ್ಟಿನ ಲೆಕ್ಕಕ್ಕೆ ತಂದರೆ ಒಂದು ತಂತಿಯಲ್ಲಿ 243, ಇನ್ನೊಂದರಲ್ಲಿ 224. ಒಂದೇ ಕಂಬ, ಎರಡು ಹಣೆಬರಹ. ಎದುರು ಮನೆಯ ಬಲ್ಬು ಝಗ್ಗನೆ ಉರಿಯುವಾಗ ನಮ್ಮದು ಮಿಣುಕುವುದರ ಗುಟ್ಟು ಹೀಗೆ ಅಂಕಿಯಲ್ಲಿ ಎದುರಿಗೆ ನಿಂತಿತು.

ಇನ್ನೂ ವಿಚಿತ್ರ ಮುಂದಿದೆ. 632ನೇ ಕಂಬದಲ್ಲಿ ಬಿ ಫೇಸಿನ ವೋಲ್ಟೇಜು 1.042. ಅಲ್ಲಿಂದ 2,000 ಅಡಿ ಮುಂದಿನ 671ರಲ್ಲಿ ಅದು 1.053. ದೂರ ಹೋದಂತೆ ಏರಿದೆ! ಈ ಊರಿನಲ್ಲಿ ಸೋಲಾರ್ ಇಲ್ಲವೇ ಇಲ್ಲ. ಮತ್ತೆ ಏರಿದ್ದು ಹೇಗೆ? ಆ ತಂತಿಯಲ್ಲಿ ಹೊರೆ ಕಡಿಮೆ, ಅಕ್ಕಪಕ್ಕದ ಎರಡು ತಂತಿಗಳಲ್ಲಿ ಹೆಚ್ಚು. ಅವುಗಳಲ್ಲಿ ಹರಿಯುವ ಕರೆಂಟಿನ ಅಯಸ್ಕಾಂತ ಕ್ಷೇತ್ರ ಗಾಳಿಯಲ್ಲೇ ದಾಟಿ ಬಂದು ಇದರ ವೋಲ್ಟೇಜನ್ನು ಎತ್ತಿದೆ. ಒಂದನ್ನೊಂದು ಮುಟ್ಟದ ತಂತಿಗಳು ಒಂದರ ಮೇಲೊಂದು ಪ್ರಭಾವ ಬೀರುತ್ತಾ ನಿಂತಿವೆ. ನಾವು ದಿನಾ ಅದರಡಿಯಲ್ಲೇ ಓಡಾಡುತ್ತೇವೆ, ಬಟ್ಟೆ ಒಣಗಿಸುತ್ತೇವೆ, ಗಾಳಿಪಟ ಸಿಕ್ಕಿಸಿಕೊಂಡು ಗೋಳಾಡುತ್ತೇವೆ. ತಲೆಯ ಮೇಲೆ ಇಷ್ಟೆಲ್ಲ ನಡೆಯುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಬುಡಕ್ಕೂ ತುದಿಗೂ ಓಡುವ ಲೆಕ್ಕ

ಇಂಥದ್ದನ್ನೆಲ್ಲ ಕಂಪ್ಯೂಟರು ಹೇಗೆ ಕಂಡುಹಿಡಿಯುತ್ತದೆ? 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ 21ರ ಹುಡುಗ ಗುಸ್ತಾವ್ ಕಿರ್ಕಾಫ್ ಬರೆದಿಟ್ಟ ಎರಡು ನಿಯಮಗಳೇ ಬುನಾದಿ. ಒಂದು ಕೂಡುಗಂಟಿಗೆ ಬಂದಷ್ಟು ಕರೆಂಟು ಅಲ್ಲಿಂದ ಹೋಗಲೇಬೇಕು. ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ವೋಲ್ಟೇಜಿನ ಏರಿಳಿತ ಸೊನ್ನೆಯಾಗಲೇಬೇಕು. ಪಿಯುಸಿಯಲ್ಲಿ ಓದಿದ್ದೇವೆ, ಮರೆತಿದ್ದೇವೆ.

ತೊಡಕು ಎಲ್ಲಿದೆ ಎಂದರೆ, ಕರೆಂಟು ಎಷ್ಟೆಂದು ತಿಳಿಯಲು ವೋಲ್ಟೇಜು ಬೇಕು, ವೋಲ್ಟೇಜು ತಿಳಿಯಲು ಕರೆಂಟು ಬೇಕು. ಆಗ ಒಂದು ಊಹೆ ಇಟ್ಟುಕೊಂಡು ಹೊರಡಬೇಕು. ಫೀಡರಿನ ತುದಿಯಿಂದ ಬುಡದವರೆಗೆ ಕರೆಂಟುಗಳನ್ನು ಕೂಡಿಸುತ್ತಾ ಬನ್ನಿ. ಬುಡದಿಂದ ತುದಿಗೆ ವೋಲ್ಟೇಜಿನ ಇಳಿತ ಕಳೆಯುತ್ತಾ ಹೋಗಿ. ಮೊದಲಿನ ಊಹೆ ಸ್ವಲ್ಪ ತಿದ್ದಿಕೊಂಡಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಕೆಲವೇ ಸುತ್ತಿನಲ್ಲಿ ಅಂಕಿಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ. ನಿಂತದ್ದೇ ಸತ್ಯ! ಕವಲೊಡೆದು ಹೋಗುವ ಹಳ್ಳಿಯ ಫೀಡರಿಗೆ ಹೇಳಿ ಮಾಡಿಸಿದ ವಿಧಾನ ಇದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ. ತುಕಾರಾಂ ಮತ್ತು ಸಂಗಡಿಗರು ಇಂಥ ಮೂರು ಫೇಸಿನ ಲೆಕ್ಕಕ್ಕೆ ಗಟ್ಟಿಮುಟ್ಟಾದ ವಿಧಾನವೊಂದನ್ನು 1999ರಲ್ಲೇ ಪ್ರಕಟಿಸಿದ್ದರು.

ನಿಜವಾದ ಊರಿನಲ್ಲಿ ಇನ್ನೊಂದು ಕಷ್ಟ. ಪ್ರತಿ ಕಂಬಕ್ಕೂ ಮೀಟರಿಲ್ಲ. ಇದ್ದರೂ ಕೆಲವು ಸುಳ್ಳು ಹೇಳುತ್ತವೆ, ಕೆಲವು ತಡವಾಗಿ ಹೇಳುತ್ತವೆ. ಆಗ ನೆರವಿಗೆ ಬರುವ ಗಣಿತದ ಬೇರು ಆಕಾಶದಲ್ಲಿದೆ. ಗ್ರಹಗಳ ಕಕ್ಷೆಯನ್ನು ಲೆಕ್ಕ ಹಾಕುವ ಕೆಲಸದಲ್ಲಿ ಗೌಸ್ 1809ರಲ್ಲಿ ಒಂದು ವಿಧಾನ ಪ್ರಕಟಿಸಿದ. ದೋಷವಿರುವ ಹಲವಾರು ಅಳತೆಗಳನ್ನು ಒಟ್ಟಿಗಿಟ್ಟು, ಎಲ್ಲಕ್ಕೂ ಸೇರಿ ಅತಿ ಕಡಿಮೆ ತಪ್ಪು ಬರುವ ಉತ್ತರವನ್ನು ಆರಿಸುವ ವಿಧಾನ. 1970ರಲ್ಲಿ ಎಂಐಟಿಯ ಫ್ರೆಡ್ ಶ್ವೆಪ್ಪಿ ಅದನ್ನೇ ಆಕಾಶದಿಂದ ಇಳಿಸಿ ವಿದ್ಯುತ್ ಜಾಲಕ್ಕೆ ಹೊಂದಿಸಿದ. ನಂಬಿಗಸ್ತ ಮೀಟರಿನ ಮಾತಿಗೆ ಹೆಚ್ಚು ತೂಕ, ಅಂದಾಜಿನ ಅಂಕಿಗೆ ಕಡಿಮೆ ತೂಕ. ಮೀಟರೇ ಇಲ್ಲದ ಕಂಬದ ವೋಲ್ಟೇಜನ್ನೂ ಹೀಗೆ ಹೇಳಬಹುದು. ಸುಳ್ಳು ಹೇಳುತ್ತಿರುವ ಮೀಟರು ಯಾವುದು ಎಂದು ಹಿಡಿದು ತೋರಿಸಬಹುದು!

ಬೀದಿದೀಪದಿಂದ ಶುರುವಾದದ್ದು

ಈಗ ಮತ್ತೆ ನೆದರ್ಲೆಂಡ್ಸಿಗೆ ಹೋಗೋಣ. ಆಮ್ಸ್ಟರ್‌ಡ್ಯಾಮ್ ಸೇರಿದಂತೆ ದೇಶದ ದೊಡ್ಡ ಭಾಗಕ್ಕೆ ತಂತಿ ಎಳೆದಿರುವುದು ಅಲಿಯಾಂಡರ್ ಎಂಬ ಸಂಸ್ಥೆ. ಅದರ ಷೇರುಗಳು ಇರುವುದು ಪ್ರಾಂತ್ಯ, ಪುರಸಭೆಗಳ ಕೈಯಲ್ಲಿ. ಬೀದಿದೀಪ ಹೊತ್ತಿಸಲು ಮೊದಲು ಅವರು ಕರೆಂಟಿನ ತಂತಿಯ ಮೇಲೆಯೇ ಒಂದು ಸಂಕೇತ ಹರಿಯಬಿಡುತ್ತಿದ್ದರು. ಸಂಕೇತ ಬಂದರೆ ಇಡೀ ಪ್ರದೇಶದ ದೀಪ ಒಟ್ಟಿಗೆ ಹೊತ್ತಬೇಕು, ಒಟ್ಟಿಗೆ ಆರಬೇಕು. ಆ ಹಳೇ ವ್ಯವಸ್ಥೆ ಬದಲಿಸುವ ಹೊತ್ತು ಬಂದಾಗ ಅವರು ಕಟ್ಟಿದ್ದು 'ಓಪನ್ ಸ್ಮಾರ್ಟ್ ಗ್ರಿಡ್ ಪ್ಲಾಟ್‌ಫಾರ್ಮ್'. ಬೀದಿಬದಿಯ ಸ್ವಿಚ್ಚಿಗೆ ಮೊಬೈಲ್ ಜಾಲದ ಮೂಲಕ ಮಾತಾಡುವ ತಂತ್ರಾಂಶ. ಈ ಓಣಿಯ ದೀಪ ಬೇಗ ಆರಲಿ, ಆ ಸರ್ಕಲ್ಲಿನದು ಬೆಳಗಿನವರೆಗೆ ಉರಿಯಲಿ ಎಂದು ಇನ್ನು ಪುರಸಭೆಯೇ ಹೇಳಬಹುದು.

ದೀಪದ ಸ್ವಿಚ್ಚಿನೊಂದಿಗೆ ಮಾತಾಡಲು ಕಟ್ಟಿದ ಸೇತುವೆಯ ಮೇಲೆಯೇ ಸ್ಮಾರ್ಟ್ ಮೀಟರೂ ಸಬ್‌ಸ್ಟೇಷನ್ನಿನ ಉಪಕರಣವೂ ನಡೆದುಬಂದವು. ಯಾವ ಕಂಪನಿ ಮಾಡಿದ ಸಾಧನವಾದರೂ ಸರಿ, ಈ ಕಡೆಯಿಂದ ಒಂದೇ ಬಗೆಯಲ್ಲಿ ಮಾತಾಡಿಸಬಹುದು. 2020ರಲ್ಲಿ ಅಲಿಯಾಂಡರ್ ಅದನ್ನು ಲಿನಕ್ಸ್ ಫೌಂಡೇಷನ್ನಿನ ಎಲ್‌ಎಫ್ ಎನರ್ಜಿ ಎಂಬ ಅಂಗಳಕ್ಕೆ ತಂದಿಟ್ಟಿತು. ಹೌದು, ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಅದೇ ಲಿನಕ್ಸಿನ ಮನೆ! ಫ್ರಾನ್ಸಿನ ವಿದ್ಯುತ್ ಪ್ರಸರಣ ಸಂಸ್ಥೆ ಆರ್‌ಟಿಇ ಸೇರಿ 2018ರಲ್ಲಿ ಹುಟ್ಟುಹಾಕಿದ ಕೂಟ ಈ ಎಲ್‌ಎಫ್ ಎನರ್ಜಿ.

ಅಲ್ಲಿಗೆ ಅಲಿಯಾಂಡರ್ ನಿಲ್ಲಲಿಲ್ಲ. ಮುಂದಿನ 48 ಗಂಟೆಗಳಲ್ಲಿ ಜಾಲದ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಹವಾಮಾನ ನೋಡಿ ಮುನ್ನುಡಿಯುವ 'ಓಪನ್‌ಸ್ಟೆಫ್' ಬಂತು. ಲಕ್ಷಗಟ್ಟಲೆ ಸನ್ನಿವೇಶಗಳನ್ನು ಒಂದರ ಹಿಂದೊಂದು ಲೆಕ್ಕ ಹಾಕುವ 'ಪವರ್ ಗ್ರಿಡ್ ಮಾಡೆಲ್' ಬಂತು. ಅದರ ಗಾತ್ರವನ್ನು ಸ್ವಲ್ಪ ಊಹಿಸಿ. ಕಾಲುಗಂಟೆಗೊಂದರಂತೆ ವರ್ಷಕ್ಕೆ 35,040 ಗಳಿಗೆ. ಪ್ರತಿ ಗಳಿಗೆಗೂ ಮೂರೂ ಫೇಸಿನ ಪೂರ್ತಿ ಲೆಕ್ಕ. ಇಷ್ಟು ಕಾರು ಚಾರ್ಜಿಗೆ ಬಂದರೆ ಹೇಗೆ, ಇಷ್ಟು ಮಾಳಿಗೆಗೆ ಸೋಲಾರ್ ಬಂದರೆ ಹೇಗೆ ಎಂದು ಒಂದೊಂದು ಪ್ರಶ್ನೆಗೂ ಆ ಪೂರ್ತಿ ವರ್ಷ ಮತ್ತೊಮ್ಮೆ. ತಂತಿ ಕಾಯುವ ಮೊದಲೇ ತಂತಿಯ ಭವಿಷ್ಯ ಗೊತ್ತು!

ಇಷ್ಟು ಬೆವರು ಸುರಿಸಿ ಕಟ್ಟಿದ್ದನ್ನು ಬಿಟ್ಟಿ ಕೊಡುವುದು ಯಾಕೆ? ಉತ್ತರ ಹೊಳೆದಾಗ ನಕ್ಕುಬಿಟ್ಟೆ. ವಿತರಣಾ ಸಂಸ್ಥೆಗಳಿಗೆ ಪರಸ್ಪರ ಪೈಪೋಟಿಯೇ ಇಲ್ಲ! ಒಬ್ಬೊಬ್ಬರದು ಒಂದೊಂದು ಸೀಮೆ. ಬೆಸ್ಕಾಂ ಗ್ರಾಹಕರನ್ನು ಮೆಸ್ಕಾಂ ಎಳೆದುಕೊಂಡು ಹೋಗುವಂತಿಲ್ಲ. ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಚಾಮುಂಡೇಶ್ವರಿ ನಿಗಮ, ಕೊನೆಗೆ 1969ರಿಂದ ತನ್ನದೇ ಸಹಕಾರ ಸಂಘದ ಮೂಲಕ ಕರೆಂಟು ಹಂಚುತ್ತಿರುವ ಹುಕ್ಕೇರಿ, ಎಲ್ಲರ ತಲೆನೋವೂ ಒಂದೇ. ಒಂದೇ ತಲೆನೋವಿಗೆ ಆರು ಕಡೆ ಆರು ಸಲ ದುಡ್ಡು ಕೊಟ್ಟು ಮದ್ದು ತರುವುದರಲ್ಲಿ ಯಾವ ಲಾಭ?

ಥರ್ಮೋಸ್ಟಾಟ್ ಹರಾಜು ಕೂಗಿತು

ಕಣ್ಣು ಬಂದ ಜಾಲಕ್ಕೆ ಬುದ್ಧಿಯೂ ಬಂದರೆ? ಅದೂ ಆಗಿಹೋಗಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯದ್ವೀಪದಲ್ಲಿ 2006–07ರಲ್ಲಿ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು 112 ಮನೆಗಳನ್ನು ಸೇರಿಸಿಕೊಂಡು ಒಂದು ಆಟ ಹೂಡಿದರು. ಐದು ನಿಮಿಷಕ್ಕೊಮ್ಮೆ ಕರೆಂಟಿನ ಸಂತೆ. ಮನೆ ಬೆಚ್ಚಗಿಡುವ ಥರ್ಮೋಸ್ಟಾಟು, ನೀರು ಕಾಯಿಸುವ ಹೀಟರು ತಾವೇ ಬೆಲೆ ಕೂಗಬೇಕು! ಮನೆಯವರು ಮಾಡಬೇಕಾದದ್ದು ಇಷ್ಟೇ: "ನನಗೆ ಹಾಯಾಗಿರುವುದು ಮುಖ್ಯವೋ, ದುಡ್ಡು ಉಳಿಯುವುದು ಮುಖ್ಯವೋ" ಎಂದು ಒಮ್ಮೆ ಹೇಳಿಡುವುದು. ಹಾಯಾಗಿರಬೇಕು ಎಂದವರ ಯಂತ್ರ ಹೆಚ್ಚು ಕೂಗಿತು. ಉಳಿತಾಯ ಎಂದವರದು ಬೆಲೆ ಇಳಿಯಲಿ ಎಂದು ಕಾದಿತು.

ಫೀಡರಿಗೆ 750 ಕಿಲೋವಾಟ್ ಮಿತಿ ಹಾಕಿದ್ದರು. ಹೊರೆ ಆ ಮಿತಿಗೆ ಹತ್ತಿರವಾದರೆ ಬೆಲೆ ಏರುತ್ತದೆ, ಒಂದಷ್ಟು ಹೀಟರುಗಳು ಹಿಂದೆ ಸರಿಯುತ್ತವೆ. ಲೋಡ್ ಶೆಡ್ಡಿಂಗ್ ಎಂದು ಇಡೀ ಬೀದಿಯನ್ನು ಕತ್ತಲಿಗೆ ತಳ್ಳಬೇಕಾಗಿಲ್ಲ. ಗರಿಷ್ಠ ಬೇಡಿಕೆ ಸುಮಾರು ಶೇ. 15ರಷ್ಟು ತಗ್ಗಿತು, ಬಿಲ್ಲು ಸರಾಸರಿ ಶೇ. 10ರಷ್ಟು ಇಳಿಯಿತು. ಬಿಸಿನೀರು ಐದು ನಿಮಿಷ ತಡವಾಗಿ ಕಾದದ್ದು ಯಾರಿಗೆ ತಿಳಿಯುತ್ತದೆ? ಇಂಥ ಸಂತೆಯನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ 'ಗ್ರಿಡ್‌ಲ್ಯಾಬ್-ಡಿ' ಎಂಬ ತಂತ್ರಾಂಶವನ್ನೂ ಅದೇ ಪ್ರಯೋಗಾಲಯ ಮುಕ್ತವಾಗಿ ಬಿಟ್ಟಿದೆ.

ತೆರೆದಿಟ್ಟ ಬಾಗಿಲಿಗೆ ಕಳ್ಳ ಬರುವುದಿಲ್ಲವೇ?

ಈ ಅನುಮಾನ ನನಗೂ ಬಂತು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ನಡೆದದ್ದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಮೂರು ವಿತರಣಾ ಕಂಪನಿಗಳ ಕಂಪ್ಯೂಟರಿನೊಳಗೆ ದುಷ್ಟರು ಹೊಕ್ಕರು. ಆಪರೇಟರು ನೋಡನೋಡುತ್ತಿದ್ದಂತೆ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಸರಿದಾಡಿ, ಒಂದೊಂದೇ ಬ್ರೇಕರನ್ನು ತೆರೆಯಿತು. ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಸಿಬ್ಬಂದಿ ಸಬ್‌ಸ್ಟೇಷನ್ನುಗಳಿಗೆ ಧಾವಿಸಿ, ಕೈಯಿಂದಲೇ ಸ್ವಿಚ್ಚು ಹಾಕಿ ಕೆಲವೇ ಗಂಟೆಗಳಲ್ಲಿ ಊರು ಬೆಳಗಿಸಿದರು.

ಹಾಗಿದ್ದರೆ ಕೋಡು ಮುಚ್ಚಿಟ್ಟರೆ ಕ್ಷೇಮವೇ? ಡಚ್ ಮೂಲದವನೇ ಆದ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಉತ್ತರ ಕೊಟ್ಟಿದ್ದಾನೆ. ಬೀಗದ ರಚನೆ ಶತ್ರುವಿಗೆ ತಿಳಿದರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ. ಇವತ್ತಿನ ಬ್ಯಾಂಕು ವ್ಯವಹಾರವೆಲ್ಲ ನಿಂತಿರುವುದು ಈ ಮಾತಿನ ಮೇಲೆ. ನಾಲ್ಕು ಜನ ಕಣ್ಣಾಡಿಸಿದ ಬೀಗದ ದೋಷ ಬೇಗ ಹೊರಬೀಳುತ್ತದೆ. ಕೀಲಿಯನ್ನು ಬಾಗಿಲ ಮೇಲೆಯೇ ನೇತುಹಾಕಿದರೆ ಯಾವ ಬೀಗವೂ ಕಾಯುವುದಿಲ್ಲ, ಆ ಮಾತು ಬೇರೆ.

ಕೋಡು ತೆರೆಯಬಹುದು, ಮನೆಯೊಳಗಿನ ಸಂಗತಿ ತೆರೆಯಬಾರದು. ಕ್ಷಣಕ್ಷಣದ ಮೀಟರು ಅಂಕಿ ನೋಡಿದರೆ ನೀವು ಎದ್ದದ್ದೆಷ್ಟು ಹೊತ್ತಿಗೆ, ಮನೆಗೆ ಬೀಗ ಹಾಕಿ ಊರಿಗೆ ಹೋದದ್ದು ಯಾವತ್ತು, ಎಲ್ಲ ತಿಳಿದುಬಿಡುತ್ತದೆ. ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವ ಮಸೂದೆಗೆ ಡಚ್ ಮೇಲ್ಮನೆ 2009ರಲ್ಲಿ ತಡೆಹಾಕಿದ್ದು ಇದೇ ಅಂಜಿಕೆಯಿಂದ. ಮುಂದೆ ಬಂದ ಮೀಟರಿನಲ್ಲಿ 'ಪಿ1' ಎಂಬ ಪುಟ್ಟ ಕಿಂಡಿ ಇದೆ. ಮನೆಯವರು ಅಲ್ಲಿಗೆ ಕೇಬಲ್ ಚುಚ್ಚಿದರೆ ಕೆಲವೇ ಸೆಕೆಂಡಿಗೊಮ್ಮೆ ತಮ್ಮ ಬಳಕೆಯ ಅಂಕಿ ತಮ್ಮ ಕಂಪ್ಯೂಟರಿಗೇ ಬರುತ್ತದೆ. ನಿಮ್ಮ ಮನೆಯ ಗುಟ್ಟಿಗೆ ಮೊದಲ ಹಕ್ಕುದಾರರು ನೀವೇ!

ನಮ್ಮ ಟಿಸಿ, ನಮ್ಮ ಲೆಕ್ಕ

ಕರ್ನಾಟಕದ ಯಾವುದೇ ಪಂಪ್‌ಸೆಟ್ ಫೀಡರಿನ ಹತ್ತಿರ ನಿಂತು ನೋಡಿ, ಸ್ಮಾರ್ಟ್ ಗ್ರಿಡ್ ಯಾಕೆ ಬೇಕೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ತ್ರೀ ಫೇಸ್ ಯಾವ ಹೊತ್ತಿನಲ್ಲಿ ಬರುತ್ತದೋ ಎಂದು ರೈತರು ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ನಡುರಾತ್ರಿ ಹೊಲಕ್ಕೆ ಹೋಗುವ ಫಜೀತಿ ತಪ್ಪಿತು. ಆದರೆ ಕರೆಂಟು ಬಂದ ಆ ಒಂದು ಕ್ಷಣದಲ್ಲಿ ಟಿಸಿಯ ಕೆಳಗಿನ ಅಷ್ಟೂ ಮೋಟರುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಏಳುವಾಗ ಮೋಟರು ಎಳೆಯುವ ಕರೆಂಟು ಓಡುವಾಗಿನದರ ಐದಾರು ಪಟ್ಟು! ವೋಲ್ಟೇಜು ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟರು ತಿರುಗಲಾರದೆ ಇನ್ನಷ್ಟು ಎಳೆಯುತ್ತದೆ, ಟಿಸಿ ಸುಡುತ್ತದೆ. ಇಲ್ಲಿ ಯಾರದೂ ತಪ್ಪಿಲ್ಲ. ಒಂದೊಂದು ಸ್ಟಾರ್ಟರು ಒಂದೊಂದು ನಿಮಿಷ ತಡೆದು ಎದ್ದರೆ ಸಾಕಿತ್ತು, ಆದರೆ ಪಕ್ಕದ ಹೊಲದ ಸ್ಟಾರ್ಟರು ಏನು ಮಾಡುತ್ತಿದೆ ಎಂದು ಇದಕ್ಕೆ ಹೇಳುವವರಿಲ್ಲ.

ಹೇಳುವ ವ್ಯವಸ್ಥೆ ಮೊಳಕೆಯೊಡೆದಿದೆ. ಮೈಸೂರಿನ ವಿ.ವಿ. ಮೊಹಲ್ಲಾ ಭಾಗದಲ್ಲಿ 21 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು, ಅವರಲ್ಲಿ ನೀರಾವರಿ ಪಂಪ್‌ಸೆಟ್‌ನವರನ್ನೂ ಸೇರಿಸಿಕೊಂಡು, ದೇಶದ ಮೊದಮೊದಲ ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲೊಂದು ನಡೆಯಿತು. ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರುಗಳ ಗುರಿಯನ್ನು ಕೇಂದ್ರ ಇಟ್ಟುಕೊಂಡಿದೆ. ಕರೆಂಟು ಹೋದ ಕೂಡಲೇ, ತನ್ನೊಳಗೆ ಉಳಿದ ಚೂರು ಶಕ್ತಿಯನ್ನೇ ಬಳಸಿ, "ನಾನು ಆರಿದೆ" ಎಂದು ಕಚೇರಿಗೆ ಸುದ್ದಿ ಕಳಿಸಬಲ್ಲ ಮೀಟರುಗಳಿವೆ! 2025ರಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ 'ಇಂಡಿಯಾ ಎನರ್ಜಿ ಸ್ಟ್ಯಾಕ್' ಎಂಬ ಮುಕ್ತ ಡಿಜಿಟಲ್ ತಳಹದಿಗಾಗಿ ಕಾರ್ಯಪಡೆ ರಚಿಸಿ, ಬೆಂಗಳೂರಿನ ನಂದನ್ ನಿಲೇಕಣಿ ಅವರನ್ನು ಮುಖ್ಯ ಮಾರ್ಗದರ್ಶಕರನ್ನಾಗಿ ಮಾಡಿದೆ. ಅದಕ್ಕೂ ಮೊದಲೇ ಪುಣೆಯ 'ಪ್ರಯಾಸ್' ಸಂಸ್ಥೆ ಮನೆಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯನ್ನು ದೇಶದ ನೂರಾರು ಕಡೆ ಇಟ್ಟಿತ್ತು. ನಿಮಿಷನಿಮಿಷದ ವೋಲ್ಟೇಜನ್ನು ಅದು ಅಳೆಯುತ್ತಿತ್ತು, ಯಾರು ಬೇಕಾದರೂ ಆ ಅಂಕಿಗಳನ್ನು ನೋಡಬಹುದಿತ್ತು.

ಇಷ್ಟೆಲ್ಲ ಸೋಜಿಗದ ನಡುವೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನಾಳೆ ಇಂಥದೊಂದು ತಂತ್ರಾಂಶ, "ಈ ಟಿಸಿ ಭರ್ತಿಯಾಗಿದೆ, ನಿಮ್ಮ ಮಾಳಿಗೆಯ ಸೋಲಾರಿಗೆ ಜಾಗವಿಲ್ಲ" ಅನ್ನುತ್ತದೆ. ಪಕ್ಕದವನಿಗೆ ಸಿಕ್ಕಿತು, ನನಗಿಲ್ಲ. ಯಾಕೆ? ಲೆಕ್ಕ ಕಂಪನಿಯ ಪೆಟ್ಟಿಗೆಯೊಳಗಿದ್ದರೆ ಅದು ಹೇಳಿದ್ದೇ ವೇದವಾಕ್ಯ. ಲೆಕ್ಕ ತೆರೆದಿದ್ದರೆ ಎಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗಳು ಕೂತು, ಮತ್ತೆ ಕೂಡಿ ಕಳೆದು, "ಚಿಕ್ಕಪ್ಪ, ಇವರು ಬಿ ಫೇಸನ್ನು ಮರೆತಿದ್ದಾರೆ" ಅನ್ನಬಹುದು. ಕರೆಂಟು ಎಲ್ಲರೂ ಹಂಚಿಕೊಳ್ಳುವ ವಸ್ತುವಾದ ಮೇಲೆ ಹಂಚುವ ಲೆಕ್ಕವೂ ಎಲ್ಲರೆದುರು ನಡೆಯಬೇಕು. ಈ ತಂತ್ರಾಂಶಗಳು ಬಿಟ್ಟಿ ಸಿಗುತ್ತವೆ ಎನ್ನುವುದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇದು.

ಆದರೆ ನಮ್ಮ ಕಾಲೇಜುಗಳ ಕೊನೇ ವರ್ಷದ ಪ್ರಾಜೆಕ್ಟುಗಳನ್ನು ತಿರುವಿ ನೋಡಿದರೆ, ತುಮಕೂರಿನ ಹುಡುಗಿಯೂ ಬೀದರಿನ ಹುಡುಗನೂ ಅಮೆರಿಕದ ಆ ಹದಿಮೂರು ಕಂಬದ ಊರಿಗೇ ಸೋಲಾರ್ ಹಾಕುತ್ತಾ ಕೂತಿರುತ್ತಾರೆ! ಅಲಿಯಾಂಡರ್ ಬಳಗದ ಲಿಯಾಂಡರ್ ತನ್ನ ಕೇಬಲುಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬ ನಕ್ಷೆಯನ್ನೇ ಮುಕ್ತ ದತ್ತಾಂಶವಾಗಿ ಇಟ್ಟಿದೆ. ನಮ್ಮಲ್ಲೂ ಕಂಬವಿದೆ, ಗಣಿತ ಬಲ್ಲವರಿದ್ದಾರೆ, ತಂತ್ರಾಂಶ ಪುಕ್ಕಟೆಯಾಗಿದೆ. ಆರು ವಿತರಣಾ ಸಂಸ್ಥೆಗಳು ತಲಾ ಒಂದೇ ಒಂದು ಫೀಡರು ಆರಿಸಿಕೊಳ್ಳಲಿ. ಮದ್ದೂರಿನ ಕಬ್ಬಿನ ಗದ್ದೆಯದಾಗಲಿ, ಮರ ಬಿದ್ದು ಬಿದ್ದು ಟ್ರಿಪ್ ಆಗುವ ಮೂಡಿಗೆರೆಯದಾಗಲಿ, ಶಿರಸಿಯ ಅಡಿಕೆ ತೋಟದ್ದಾಗಲಿ. ಹೆಸರು, ಆರ್.ಆರ್. ನಂಬರು ಅಳಿಸಿ, ಕಂಬ, ತಂತಿ, ಟಿಸಿ, ಲೋಡು ಇಷ್ಟನ್ನು ಒಂದು ಫೈಲಿನಲ್ಲಿ ಬರೆದು ಸಾರ್ವಜನಿಕರಿಗೆ ಕೊಡಲಿ. ಮುಂದಿನ ವರ್ಷದ ಪ್ರಾಜೆಕ್ಟಿನಲ್ಲಿ ನಮ್ಮ ಮಕ್ಕಳು ನಮ್ಮದೇ ಟಿಸಿಯನ್ನು ಸುಡದಂತೆ ಕಾಯುವ ದಾರಿ ಹುಡುಕುತ್ತಾರೆ, ಅದನ್ನು ಪ್ರಪಂಚವೇ ಇಳಿಸಿಕೊಂಡು ನೋಡುತ್ತದೆ.